ಕಾಯಿ ಮೊದಲಾ, ದಾಳ ಮೊದಲಾ?

(ಬೋರ್ಡ್ ಗೇಮ್ ಆಡೋರು ಒಂದು ಭಾನುವಾರ ಬೆಂಗಳೂರಲ್ಲಿ ಸೇರಿದ್ದಾಗ ಮಾತಾಡಿದ್ದು ಇದು. ಬರಕ್ಕಾಗದೇ ಇದ್ದೋರು ಬರೆದು ಹಾಕಿ ಅಂದ್ರು, ಅದಕ್ಕೆ ಆಡಿದ ಮಾತನ್ನ ಹೆಚ್ಚುಕಮ್ಮಿ ಹಾಗೇ ಇಳಿಸಿದೀನಿ, ಕೊನೇಲಿ ಕೇಳಿದ ಪ್ರಶ್ನೆನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರೋರಿಗೆ ಕಾಣ್ತಿರಬಹುದು, ಟೇಬಲ್ ಮೇಲೆ ಒಂದು ಕಡೆ ನಾಲ್ಕು ಕವಡೆ ಇಟ್ಟಿದೀನಿ, ಇನ್ನೊಂದು ಕಡೆ ಆರು ಮುಖದ ಒಂದು ದಾಳ, ಅದರ ಪಕ್ಕ ಅರ್ಧ ಇಂಚು ಉದ್ದ ಅರ್ಧ ಇಂಚು ಅಗಲದ ಒಂದು ರಟ್ಟಿನ ಚೂರು. ಕವಡೆ ನಮ್ಮಜ್ಜಿ ಮನೇದು, ಚೌಕಾಬಾರ ಆಡ್ತಿದ್ದದ್ದು. ರಟ್ಟಿನ ಚೂರು ಒಂದು ವಾರ್ ಗೇಮ್‌ನ, ಅಂದ್ರೆ ಬೋರ್ಡ್ ಮೇಲೆ ಯುದ್ಧ ನಡೆಸೋ ಆಟದ, ಕಾಯಿ. ಇವತ್ತಿನ ಮಾತೆಲ್ಲ ಇವೆರಡರ ಮಧ್ಯೆ ಓಡಾಡುತ್ತೆ.

ನಾನು ವಾರ್ ಗೇಮ್ ಆಡ್ತೀನಿ ಅಂದ ತಕ್ಷಣ ತುಂಬ ಜನ ಕೇಳೋದು ಒಂದೇ, ಚೆಸ್ ಆದ್ರೆ ತಲೆ ಓಡಿಸ್ಬೇಕು, ದಾಳ ಬಂತು ಅಂದ್ರೆ ಅದೃಷ್ಟದ ಆಟ, ಅದರಲ್ಲಿ ಸ್ಟ್ರಾಟಜಿ ಎಲ್ಲಿಂದ ಬಂತು ಅಂತ. ಈ ಪ್ರಶ್ನೆಗೆ ನಾನು ತುಂಬ ವರ್ಷ ಸರಿಯಾದ ಉತ್ತರ ಕೊಟ್ಟಿರ್ಲಿಲ್ಲ, ಸುಮ್ನೆ ಆಡಿ ನೋಡಿ ಗೊತ್ತಾಗುತ್ತೆ ಅಂತಿದ್ದೆ. ಈಗ ಉತ್ತರ ಇದೆ ಅನ್ಸುತ್ತೆ, ಮತ್ತೆ ಅದು ಸಿಕ್ಕಿದ್ದು ಈ ಕವಡೆಯಿಂದ.

ಚೌಕಾಬಾರದಲ್ಲಿ ಏನ್ ಮಾಡ್ತೀವಿ ನೆನಪು ಮಾಡ್ಕೊಳ್ಳಿ. ಮೊದಲು ಕವಡೆ ಬಿಡ್ತೀವಿ, ಗರ ಬೀಳುತ್ತೆ, ಮೂರು ಬಿತ್ತು ಅಂದ್ಕೊಳ್ಳಿ, ಆಮೇಲೆ ಯೋಚ್ನೆ ಶುರು, ಈ ಮೂರನ್ನ ಯಾವ ಕಾಯಿಗೆ ಕೊಡ್ಲಿ, ಹಿಂದಿರೋದನ್ನ ಕಟ್ಟೆಗೆ ತಗೊಂಡು ಹೋಗ್ಲಾ, ಮುಂದಿರೋದ್ರಲ್ಲಿ ಅವರ ಕಾಯಿ ಹೊಡೀಲಾ. ಪಗಡೆನೂ ಅಷ್ಟೇ, ಉದ್ದ ದಾಳ ಉರುಳಿಸಿದ ಮೇಲೇನೇ ಕಾಯಿಗೆ ಕೈ ಹಾಕೋದು. ಅಂದ್ರೆ ದಾಳ ಮೊದಲು, ಕಾಯಿ ಆಮೇಲೆ. ಅದೃಷ್ಟ ಏನು ಕೊಡ್ತೋ ಅದನ್ನ ಕೈಲಿಟ್ಕೊಂಡು ನಾವು ಬುದ್ಧಿ ಉಪಯೋಗಿಸ್ತೀವಿ.

ವಾರ್ ಗೇಮ್‌ನಲ್ಲಿ ಇದು ಪೂರ್ತಿ ಉಲ್ಟಾ. ಕಾಯಿ ಮೊದಲು, ದಾಳ ಆಮೇಲೆ. ಸೈನ್ಯ ಎಲ್ಲಿ ನಿಲ್ಲಿಸ್ಬೇಕು, ಎಷ್ಟು ಜನ ಕಳಿಸ್ಬೇಕು, ಯಾರ ಮೇಲೆ ಬೀಳ್ಬೇಕು ಅನ್ನೋದೆಲ್ಲ ಏನೂ ಗೊತ್ತಿಲ್ದೇ ಮೊದಲೇ ತೀರ್ಮಾನ ಮಾಡಿ, ಕಾಯಿ ಮೇಲಿಂದ ಕೈ ತೆಗೆದು, ಇನ್ನು ವಾಪಸ್ ತಗೊಳ್ಳೋ ಹಾಗಿಲ್ಲ ಅಂತಾದ ಮೇಲೆ ದಾಳ ಹಾಕ್ತೀವಿ. ದಾಳ ಅದೇ, ಅದೇ ಆರು ಮುಖ, ಆದ್ರೆ ಅದು ನಿಮ್ಮ ತೀರ್ಮಾನಕ್ಕೆ ಮುಂಚೆ ಬರುತ್ತಾ ಆಮೇಲೆ ಬರುತ್ತಾ ಅನ್ನೋದ್ರ ಮೇಲೆ ಇಡೀ ಆಟದ ಗುಣನೇ ಬೇರೆ ಆಗ್ಬಿಡುತ್ತೆ.

ನಮ್ಮ ದೇಶದ ಹಳೇ ಯುದ್ಧದ ಆಟನೂ ದಾಳ ಮೊದಲು ಅನ್ನೋ ಜಾತಿಗೇ ಸೇರಿದ್ದು. ಸುಮಾರು 1030ರ ಹೊತ್ತಿಗೆ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬೆರೂನಿ ಭಾರತದ ಬಗ್ಗೆ ಬರೆದಾಗ ನಾಲ್ಕು ಜನ ಕೂತು ದಾಳ ಹಾಕಿ ಆಡೋ ಚದುರಂಗದ ವಿವರ ಕೊಡ್ತಾನೆ. 1 ಬಿದ್ರೆ ರಾಜ ಅಥವಾ ಪದಾತಿ, 2 ಬಿದ್ರೆ ರಥ, 3ಕ್ಕೆ ಕುದುರೆ, 4ಕ್ಕೆ ಆನೆ, ದಾಳದಲ್ಲಿ 5 ಬಂದ್ರೆ ಅದನ್ನ 1 ಅಂತ, 6 ಬಂದ್ರೆ 4 ಅಂತ ಲೆಕ್ಕ. ಯಾವ ಕಾಯಿ ನಡೀಬೇಕು ಅಂತ ದಾಳ ಹೇಳುತ್ತೆ, ಆದ್ರೆ ಹೊಡೆಯೋವಾಗ ಅನುಮಾನನೇ ಇಲ್ಲ, ನನ್ನ ಕಾಯಿ ನಿಮ್ಮ ಮನೆಗೆ ಬಂತು ಅಂದ್ರೆ ನಿಮ್ಮ ಕಾಯಿ ಹೋಯ್ತು. ನಿಜವಾದ ಯುದ್ಧದಲ್ಲಿ ಹಾಗಾಗುತ್ತಾ? ಕುದುರೆ ದಳ ಹೋದ ತಕ್ಷಣ ಎದುರಿಗಿದ್ದೋರು ಎದ್ದು ಹೋಗ್ತಾರಾ? ನಿಂತು ಹೊಡೀತಾರೆ, ಒಂದೊಂದ್ಸಲ ಗೆದ್ದೂ ಬಿಡ್ತಾರೆ.

ಈ ಪ್ರಶ್ನೆನ ಗಂಭೀರವಾಗಿ ತಗೊಂಡೋರು ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ರೈಸ್‌ವಿಟ್ಜ್ ಅಂತ ಅಪ್ಪ ಮಗ. ಅವರಿಗಿಂತ ಮುಂಚೆ, 1780ರಲ್ಲಿ, ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಅಂತ ಒಬ್ಬ ಗಣಿತದ ಮೇಷ್ಟ್ರು ಚೆಸ್ಸನ್ನೇ ಹಿಗ್ಗಿಸಿ 1,666 ಮನೆಗಳ ಒಂದು ಯುದ್ಧದ ಆಟ ಮಾಡಿದ್ರು, ಆದ್ರೆ ಅದರಲ್ಲೂ ಹೊಡೆದ್ರೆ ಹೋಯ್ತು ಅನ್ನೋ ಚೆಸ್ ನಿಯಮನೇ. ಅಪ್ಪ ರೈಸ್‌ವಿಟ್ಜ್ 1812ರಲ್ಲಿ ರಾಜನಿಗೆ ತೋರಿಸಿದ್ದು ಒಂದು ದೊಡ್ಡ ಮೇಜು, ಅದರ ಮೇಲೆ ಬೆಟ್ಟ ಹೊಳೆ ರಸ್ತೆ ಇರೋ ಬಿಲ್ಲೆಗಳನ್ನ ಬೇಕಾದ ಹಾಗೆ ಜೋಡಿಸಬಹುದಿತ್ತು. ಮಗ ಸೈನ್ಯದಲ್ಲಿ ಲೆಫ್ಟಿನೆಂಟು, ಅವನು 1824ರಲ್ಲಿ ಇದನ್ನ ಮೇಜಿನಿಂದ ಮ್ಯಾಪಿಗೆ ತಂದ, 1:8000 ಅಳತೆಯ ಕಾಗದದ ಮ್ಯಾಪು, ಕೆಂಪು ಮತ್ತೆ ನೀಲಿ ಬಣ್ಣದ ಪುಟ್ಟ ಸೀಸದ ತುಂಡುಗಳು ಸೈನ್ಯ, ಒಂದು ಸರದಿ ಅಂದ್ರೆ ಎರಡು ನಿಮಿಷದ ಯುದ್ಧ. ಎರಡು ನಿಮಿಷದಲ್ಲಿ ಕಾಲಾಳು ಎಷ್ಟು ದೂರ ನಡೀಬಹುದು ಅನ್ನೋದು ಅಳತೆ ಮೇಲೆ ಫಿಕ್ಸು, ಅಲ್ಲಿ ದಾಳಕ್ಕೆ ಕೆಲ್ಸ ಇಲ್ಲ. ಗುಂಡು ಹಾರಿದ ಮೇಲೆ ಎಷ್ಟು ಜನ ಬಿದ್ರು ಅನ್ನೋದಕ್ಕೆ ಮಾತ್ರ ದಾಳ. ನೋಡಿ, ದಾಳನ ನಡಿಗೆಯಿಂದ ತೆಗೆದು ಹೊಡೆತಕ್ಕೆ ಹಾಕಿದ.

ಮಧ್ಯದಲ್ಲಿ ಒಬ್ಬ ಅಂಪೈರ್ ಇರ್ತಿದ್ದ, ಎರಡೂ ಕಡೆಯವರು ಆರ್ಡರ್‌ಗಳನ್ನ ಚೀಟಿಲಿ ಬರೆದು ಅವನಿಗೆ ಕೊಡ್ತಿದ್ರು, ನಿಮ್ಮ ಸೈನ್ಯಕ್ಕೆ ಏನು ಕಾಣುತ್ತೋ ಅಷ್ಟನ್ನೇ ಅವನು ಮ್ಯಾಪ್ ಮೇಲೆ ಇಡ್ತಿದ್ದ. ಸೇನಾ ಮುಖ್ಯಸ್ಥ ಮಫ್ಲಿಂಗ್ ಮೊದಲು ಉತ್ಸಾಹ ಇಲ್ಲದೇನೇ ನೋಡೋಕೆ ಕೂತವರು ನೋಡ್ತಾ ನೋಡ್ತಾ ಮುಂದಕ್ಕೆ ಬಾಗಿ, ಇದು ಆಟ ಅಲ್ಲ, ಇದು ಯುದ್ಧದ ತರಬೇತಿ, ಇಡೀ ಸೈನ್ಯಕ್ಕೆ ಶಿಫಾರಸು ಮಾಡ್ತೀನಿ ಅಂದ್ರಂತೆ. ಆಟ ಮಾಡಿದ ಮಗ ರೈಸ್‌ವಿಟ್ಜ್ ಮಾತ್ರ ಮೂರೇ ವರ್ಷಕ್ಕೆ, 1827ರಲ್ಲಿ, ಜೀವ ಕಳ್ಕೊಂಡ, ತನ್ನ ಆಟ ಎಲ್ಲಿವರೆಗೂ ಹೋಯ್ತು ಅಂತ ನೋಡ್ಲೇ ಇಲ್ಲ. ನಂಗೆ ಪ್ರತಿಸಲ ದಾಳ ಎತ್ಕೊಂಡಾಗ ಅವನ ನೆನಪಾಗುತ್ತೆ, ನಿಜವಾಗ್ಲೂ.

ಸರಿ, ಈಗ ಈ ರಟ್ಟಿನ ಚೂರಿಗೆ ಬರೋಣ. ಹಿಂದೆ ಇರೋರಿಗೆ ಕಾಣಲ್ಲ, ಬೋರ್ಡ್ ಮೇಲೆ ದೊಡ್ಡದಾಗಿ ಬರೀತೀನಿ. ಮಧ್ಯೆ ಒಂದು ಆಯತ, ಅದರೊಳಗೆ ಅಡ್ಡಡ್ಡ ಇಂಟು ಗುರುತು, ಅಂದ್ರೆ ಕಾಲಾಳು. ಒಂದೇ ಓರೆ ಗೆರೆ ಇದ್ರೆ ಕುದುರೆ ದಳ, ಒಳಗೆ ಮೊಟ್ಟೆ ಥರ ಇದ್ರೆ ಟ್ಯಾಂಕು, ಟ್ಯಾಂಕಿನ ಸರಪಳಿ ಪಟ್ಟಿ ಪಕ್ಕದಿಂದ ನೋಡಿದ್ರೆ ಹಾಗೇ ಕಾಣುತ್ತಲ್ಲ. ಕೆಳಗೆ ಮೂರು ನಂಬರ್, 4-4-6. ಮೊದಲ 4 ಹೊಡೆಯೋ ಶಕ್ತಿ, ಎರಡನೇ 4 ತಡೆಯೋ ಶಕ್ತಿ, 6 ಅಂದ್ರೆ ಒಂದು ಸರದಿಗೆ ಎಷ್ಟು ಮನೆ ನಡೀಬಹುದು. ಚೌಕಾಬಾರದ ಕಾಯಿಗೆ ಹುಣಸೆ ಬೀಜನೋ ಬಳೆ ಚೂರೋ ಏನಿಟ್ರೂ ನಡೆಯುತ್ತೆ, ಯಾಕಂದ್ರೆ ಅದು ಬರೀ ಎಲ್ಲಿದೀನಿ ಅಂತಷ್ಟೇ ಹೇಳುತ್ತೆ. ಈ ಕಾಯಿ ಎಲ್ಲಿದೀನಿ, ಯಾರು, ಎಷ್ಟು ಬಲ, ಎಷ್ಟು ವೇಗ ಎಲ್ಲ ಹೇಳುತ್ತೆ, ಬೆನ್ನ ಮೇಲೆ ಇನ್ನೊಂದಿಷ್ಟಿದೆ, ತಿರುಗಿಸಿ ನೋಡಿ, 2-2-6. ಅರ್ಧ ಜನ ಹೋದ ಮೇಲಿನ ಲೆಕ್ಕ. ಒಂದ್ಸಲ ಏಟು ತಿಂದ್ರೆ ಮಗುಚಿ ಇಡೋದು, ಇನ್ನೊಂದ್ಸಲ ತಿಂದ್ರೆ ಎತ್ತಿ ಡಬ್ಬಿಗೆ.

ಈ ಥರ ಆಟವನ್ನ ಪೆಟ್ಟಿಗೆಲಿ ಹಾಕಿ ಮಾಮೂಲಿ ಜನಕ್ಕೆ ಮಾರೋಕೆ ಶುರು ಮಾಡಿದ್ದು ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್, 1954ರಲ್ಲಿ ಮೊದಲ ಆಟ, 1958ರಲ್ಲಿ ಅವಲಾನ್ ಹಿಲ್ ಕಂಪನಿ. 1961ರಿಂದ ಅವರ ಆಟಗಳಲ್ಲಿ ಚೌಕದ ಬದಲು ಜೇನುಗೂಡಿನ ಥರ ಆರು ಮೂಲೆ ಮನೆ ಬಂತು, ಹೆಕ್ಸ್ ಅಂತೀವಿ. ರಾಬರ್ಟ್ಸ್ ಆಟಗಳಿಂದ ಮನೆಮಾತಾದ ಇನ್ನೊಂದು ವಿಷಯ ಇದೆ, ಅದು ಬಲದ ಅನುಪಾತ ನೋಡಿ ಫಲಿತಾಂಶ ಹೇಳೋ ಟೇಬಲ್. ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ದಾಳದ ಆಟದಲ್ಲಿ ಸ್ಟ್ರಾಟಜಿ ಎಲ್ಲಿದೆ ಅಂತ ಕೇಳ್ತಾರಲ್ಲ, ಅದು ಇಲ್ಲೇ ಇದೆ.

ನನ್ನ ಹತ್ರ 4, 4, 3 ಬಲದ ಮೂರು ಕಾಯಿ ಇವೆ, ಒಟ್ಟು 11. ಎದುರಿಗೆ 4ರ ಒಂದು ಕಾಯಿ. 11 ಭಾಗಿಸು 4, ಎರಡೂ ಮುಕ್ಕಾಲು. ಆದ್ರೆ ಇಂಥ ಆಟಗಳಲ್ಲಿ ಉಳಿದ ಭಾಗ ಯಾವಾಗ್ಲೂ ತಡೆಯೋನ ಕಡೆಗೆ ಬಿಟ್ಟುಬಿಡೋದು, ಹಾಗಾಗಿ ಅದು 2:1. ಉದಾಹರಣೆಗೆ ಅಂತ ನಾನೇ ಒಂದು ಪುಟ್ಟ ಟೇಬಲ್ ಬರೀತೀನಿ. 2:1ರಲ್ಲಿ ದಾಳ 1 ಅಥವಾ 2 ಬಿದ್ರೆ ಶತ್ರು ನಾಶ, 3 ಬಿದ್ರೆ ಇಬ್ಬರಿಗೂ ಸಮ ನಷ್ಟ, 4 ಬಿದ್ರೆ ಶತ್ರು ಹಿಂದೆ ಸರೀತಾನೆ, 5 ಬಿದ್ರೆ ನಾನು ಸರೀತೀನಿ, 6 ಬಿದ್ರೆ ನಾನೇ ನಾಶ. 3:1ರಲ್ಲಿ 1, 2 ನಾಶ, 3 ಸಮ ನಷ್ಟ, 4, 5 ಶತ್ರು ಹಿಂದೆ, 6 ಬಿದ್ರೆ ನಾನು ಬರೀ ಹಿಂದೆ ಸರಿಯೋದು ಅಷ್ಟೇ. ಈಗ ಎಲ್ಲೋ ಮೂಲೇಲಿ ರಸ್ತೆ ಕಾಯ್ತಾ ಕೂತಿರೋ 1 ಬಲದ ಒಂದು ಬಡಪಾಯಿ ಕಾಯಿನ ನಾನು ಎರಡು ಸರದಿ ಮುಂಚೆನೇ ಯೋಚ್ನೆ ಮಾಡಿ ಹತ್ರ ತಂದಿಟ್ಟಿದ್ರೆ, 11 ಹೋಗಿ 12 ಆಗುತ್ತೆ, 3:1 ಆಗುತ್ತೆ, ನನ್ನ ಇಡೀ ಪಡೆ ಅಳಿಸಿ ಹೋಗೋ ಅಪಾಯನೇ ಇರಲ್ಲ. ಆ ಒಂದು ಪಾಯಿಂಟನ್ನ ದಾಳ ಕೊಡ್ಲಿಲ್ಲ, ನಾನು ನಡೆಸ್ಕೊಂಡು ಬಂದೆ. ಸೈನ್ಯದವರೂ ದಾಳಿ ಮಾಡ್ಬೇಕಾದ್ರೆ ಒಂದಕ್ಕೆ ಮೂರು ಇರ್ಲಿ ಅಂತಾರಲ್ಲ, ಆ ಮಾತನ್ನ ನಾನು ಕಲ್ತಿದ್ದು ಈ ಟೇಬಲ್‌ನಿಂದ.

ಆದ್ರೆ ಇದಕ್ಕಿಂತ ಚೆನ್ನಾಗಿರೋದು ಇನ್ನೊಂದಿದೆ, ನನಗೆ ಈ ಆಟಗಳ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ. ಈ ಆಟಗಳಲ್ಲಿ ಪ್ರತಿ ಕಾಯಿಗೂ ಸುತ್ತಲಿನ ಆರು ಮನೆ ಮೇಲೆ ಹಿಡಿತ ಇರುತ್ತೆ, ಹಿಂದೆ ಸರಿಯೋ ಶತ್ರು ನನ್ನ ಹಿಡಿತದ ಮನೆಗೆ ಕಾಲಿಡೋ ಹಾಗಿಲ್ಲ, ಇಡೋಕೆ ಬೇರೆ ಮನೆ ಇಲ್ದೇ ಹೋದ್ರೆ ಅವನು ನಾಶ. ಈಗ ಹೆಕ್ಸ್ ನೋಡಿ, ಶತ್ರು ಮಧ್ಯೆ, ಸುತ್ತ ಆರು ಮನೆ. ಅವನನ್ನ ಮುಚ್ಚೋಕೆ ಆರು ಕಾಯಿ ಬೇಕು ಅನ್ಸುತ್ತೆ, ಬೇಡ, ಎರಡೇ ಸಾಕು. ಒಂದು ಕಾಯಿ ಈ ಕಡೆ ಇಟ್ರೆ ಅದು ಕೂತಿರೋ ಮನೆ ಒಂದು, ಅದರ ಎಡಕ್ಕೊಂದು ಬಲಕ್ಕೊಂದು ಹಿಡಿತದ ಮನೆ, ಒಟ್ಟು ಮೂರು ಮುಚ್ಚಿತು. ಇನ್ನೊಂದನ್ನ ಸರಿಯಾಗಿ ಎದುರುಬದುರು ಇಟ್ರೆ ಉಳಿದ ಮೂರೂ ಮುಚ್ಚಿತು. ಈಗ ಅದೇ 3:1 ಟೇಬಲ್ ಓದಿ. 4 ಮತ್ತೆ 5ರಲ್ಲಿ ಶತ್ರು ಹಿಂದೆ ಸರೀಬೇಕು, ಸರಿಯೋಕೆ ಜಾಗ ಇಲ್ಲ, ಹಾಗಾಗಿ ನಾಶ. ಆರರಲ್ಲಿ ಎರಡು ಮುಖಕ್ಕೆ ನಾಶ ಇದ್ದಿದ್ದು ಈಗ ನಾಲ್ಕು ಮುಖಕ್ಕೆ. ದಾಳ ಅದೇ, ಟೇಬಲ್ ಅದೇ, ಬಲಾನೂ ಅದೇ, ಕಾಯಿ ನಿಂತ ಜಾಗ ಮಾತ್ರ ಬೇರೆ. ದಾಳದ ಮುಖ ಬದಲಾಯಿಸೋಕೆ ಶಕುನಿ ಬೇಕಾಗಬಹುದು, ಮುಖದ ಅರ್ಥ ಬದಲಾಯಿಸೋದು ಕಾಯಿ ನಡೆಸೋನ ಕೈಲೇ ಇದೆ.

ಇಲ್ಲಿ ತುಂಬ ಜನಕ್ಕೆ ಗೊತ್ತಿರೋ ಆಟ ಅಂದ್ರೆ ರಿಸ್ಕ್, ಅದನ್ನೂ ನೋಡೋಣ. ಫ್ರಾನ್ಸಿನ ಸಿನಿಮಾ ನಿರ್ದೇಶಕ ಆಲ್ಬರ್ಟ್ ಲಾಮೊರಿಸ್ ಮಾಡಿದ ಆಟ, 1957ರಲ್ಲಿ ಬಂತು. ಅಲ್ಲಿ ಟೇಬಲ್ ಇಲ್ಲ, ದಾಳಕ್ಕೆ ದಾಳನೇ ಎದುರಾಳಿ. ದಾಳಿ ಮಾಡೋನು ಮೂರರ ತನಕ ಹಾಕಬಹುದು, ತಡೆಯೋನು ಎರಡರ ತನಕ, ದೊಡ್ಡದಕ್ಕೆ ದೊಡ್ಡದು ಹೋಲಿಸೋದು, ಸಮ ಬಂದ್ರೆ ತಡೆಯೋನು ಗೆದ್ದ. ಈ ಸಮ ಬಂದ್ರೆ ಅನ್ನೋ ಪುಟ್ಟ ನಿಯಮನ ಯಾರೂ ಗಮನಿಸಲ್ಲ. ಒಂದಕ್ಕೊಂದು ಹಾಕಿದ್ರೆ ಒಟ್ಟು 36 ಥರ ಬೀಳಬಹುದು, ಅದರಲ್ಲಿ 6 ಸಮ, ಉಳಿದ 30ರಲ್ಲಿ ಅರ್ಧರ್ಧ, 15 ನಿಮಗೆ, 15 ಅವರಿಗೆ, ಸಮದ 6ನೂ ಅವರಿಗೇ. ಅಂದ್ರೆ 15ಕ್ಕೆ 21, ನೂರಕ್ಕೆ ಸುಮಾರು 42 ಸಲ ಮಾತ್ರ ದಾಳಿ ಗೆಲ್ಲುತ್ತೆ. ಆದ್ರೆ ಮೂರಕ್ಕೆ ಎರಡು ಹಾಕಿದಾಗ ಲೆಕ್ಕ ತಿರುಗುತ್ತೆ, 7,776 ಥರದಲ್ಲಿ 2,890ರಲ್ಲಿ ತಡೆಯೋನು ಎರಡೂ ಕಳ್ಕೊಳ್ತಾನೆ, 2,275ರಲ್ಲಿ ನೀವು ಎರಡೂ ಕಳ್ಕೊಳ್ತೀರ, ಉಳಿದ 2,611ರಲ್ಲಿ ಒಂದೊಂದು. ಸರಾಸರಿ ಮೇಲೆ ಸ್ವಲ್ಪ ದಾಳಿ ಕಡೆಗೇ ವಾಲುತ್ತೆ. ಹಾಗಾಗಿ ದೊಡ್ಡ ಗುಂಪು ಇದ್ರೆ ದಾಳಿ ಮಾಡಿ, ಎರಡು ಮೂರು ಕಾಯಿ ಉಳಿದಾಗ ಹಠಕ್ಕೆ ಬಿದ್ದು ಮುಂದುವರೀಬೇಡಿ. ಮಕ್ಕಳ ಜೊತೆ ಆಡೋವಾಗ ನೋಡಿದೀನಿ, ಎಲ್ಲರೂ ಸೋಲೋದು ಆ ಕೊನೇ ಎರಡು ರೋಲ್‌ನಲ್ಲೇ.

ಎರಡು ದಾಳ ಕೂಡಿಸೋ ಆಟಗಳು ಬೇರೆ. ಒಂದೇ ದಾಳದಲ್ಲಿ ಬೆಟ್ಟದ ಮೇಲಿದ್ರೆ ಒಂದು ಜಾಸ್ತಿ ಅಂತ ಕೊಟ್ರೆ ಆ ಒಂದರ ಬೆಲೆ ಸಾಮಾನ್ಯವಾಗಿ ಎಲ್ಲ ಕಡೆ ಒಂದೇ, ಆರಲ್ಲೊಂದು ಭಾಗ. ಎರಡು ದಾಳ ಕೂಡಿಸಿದ್ರೆ ಮಧ್ಯದ 7 ಬೀಳೋಕೆ 36ರಲ್ಲಿ 6 ದಾರಿ, 12 ಬೀಳೋಕೆ ಒಂದೇ ದಾರಿ. ನಿಮಗೆ 8 ಅಥವಾ ಮೇಲೆ ಬೇಕಿತ್ತು ಅಂದ್ರೆ 36ರಲ್ಲಿ 15, ಒಂದು ಜಾಸ್ತಿ ಸಿಕ್ಕಿ 7 ಸಾಕು ಅಂತಾದ್ರೆ 21, ಒಂದೇ ಏಟಿಗೆ 6 ದಾರಿ ಸಿಕ್ತು. 12ನೇ ಬೇಕಿತ್ತು ಅನ್ನೋ ಪರಿಸ್ಥಿತಿಲಿ ಅದೇ ಒಂದು ಜಾಸ್ತಿ ಸಿಕ್ರೆ 1 ಇದ್ದಿದ್ದು 3 ಆಗುತ್ತೆ, ಎರಡೇ ದಾರಿ ಹೆಚ್ಚು. ಸಮಬಲ ಇರೋವಾಗ ಸಣ್ಣ ಸಹಾಯ ದೊಡ್ಡದು, ಪೂರ್ತಿ ಮುಳುಗಿದ ಮೇಲೆ ಅದೇ ಸಹಾಯಕ್ಕೆ ಅಷ್ಟು ಬೆಲೆ ಇಲ್ಲ. ಆಟ ಮಾಡಿದೋರು ಈ ಮಾತನ್ನ ಎಲ್ಲೂ ಬರೆದಿರಲ್ಲ, ಎರಡು ದಾಳ ಆರಿಸ್ಕೊಂಡಿದ್ದರಲ್ಲೇ ಹೇಳಿರ್ತಾರೆ.

ಇನ್ನು ಬೊಗಸೆ ತುಂಬ ದಾಳ ಎಸೆಯೋ ಆಟಗಳು. ಆರು ದಾಳ ಹಾಕ್ತೀನಿ, 6 ಬಿದ್ದದ್ದೆಲ್ಲ ಏಟು, ಸರಾಸರಿ ಒಂದು ಏಟು ಅಂತ ಎಲ್ಲರಿಗೂ ಗೊತ್ತು. ಆದ್ರೆ ಒಂದೂ ಬೀಳದೇ ಇರೋ ಸಾಧ್ಯತೆ ನೂರಕ್ಕೆ 33! ಹನ್ನೆರಡು ಹಾಕಿದ್ರೆ ಆ ಖಾಲಿ ಕೈ 11ಕ್ಕೆ ಇಳಿಯುತ್ತೆ. ಆರು ಹಾಕಿ ಖಾಲಿ ಬಂದ್ರೆ ಜನ ದಾಳ ಮೋಸ ಅಂತಾರೆ, ಮೋಸ ಏನಿಲ್ಲ, ಮೂರರಲ್ಲೊಂದು ಸಲ ಆಗೋದೇ ಅದು. ಸರಾಸರಿ ನೋಡಿ ಹೋಗೋನಿಗೂ ಖಾಲಿ ಬಂದ್ರೆ ಏನ್ ಮಾಡ್ಲಿ ಅಂತ ಒಂದು ಕಾಯಿ ಹಿಂದೆ ಉಳಿಸ್ಕೊಂಡು ಹೋಗೋನಿಗೂ ವ್ಯತ್ಯಾಸ ತಿಳಿಯೋದು ಅಲ್ಲೇ.

ಟೇಬಲ್ ನೋಡೋದು ಬೇಜಾರು ಅನ್ನೋರಿಗೆ ರಿಚರ್ಡ್ ಬೋರ್ಗ್ ಮಾಡಿದ ಮೆಮ್ವಾರ್ 44 ಅಂತ ಆಟ ಇದೆ, 2004ದು. ಅದರ ದಾಳದ ಮೇಲೆ ನಂಬರ್ರೇ ಇಲ್ಲ, ಎರಡು ಮುಖದಲ್ಲಿ ಸೈನಿಕ, ಒಂದರಲ್ಲಿ ಟ್ಯಾಂಕು, ಒಂದರಲ್ಲಿ ಗ್ರೆನೇಡು, ಒಂದರಲ್ಲಿ ಬಾವುಟ, ಒಂದರಲ್ಲಿ ನಕ್ಷತ್ರ. ಕಾಲಾಳಿನ ಮೇಲೆ ಹಾರಿಸಿದ್ರೆ ಸೈನಿಕ ಎರಡು ಮತ್ತೆ ಗ್ರೆನೇಡ್ ಸೇರಿ ಆರರಲ್ಲಿ ಮೂರು, ಟ್ಯಾಂಕಿನ ಮೇಲೆ ಆರರಲ್ಲಿ ಎರಡು, ಬಾವುಟ ಬಂದ್ರೆ ಹಿಂದೆ ಸರೀಬೇಕು. ಟೇಬಲ್ಲನ್ನ ಮಡಚಿ ದಾಳದ ಮೈಮೇಲೆ ಅಂಟಿಸಿದ ಹಾಗೆ. ಹೊಸದು ಅನ್ಸುತ್ತೆ, ಆದ್ರೆ ಆ ಪ್ರಷ್ಯಾದ ಹುಡುಗನ ದಾಳಗಳೂ ಮಾಮೂಲಿ ಚುಕ್ಕೆ ದಾಳ ಅಲ್ಲ, ಮುಖದ ಮೇಲೇ ನಷ್ಟದ ಅಂಕಿ ಬರೆದಿದ್ದವು. 180 ವರ್ಷ ಆದ್ಮೇಲೆ ಅಲ್ಲಿಗೇ ವಾಪಸ್ ಬಂದ್ವಿ. ಈ ಆಟದಲ್ಲಿ ನಂಗೆ ಸರಿಬರದ ಒಂದು ವಿಷಯ ಇದೆ, ನಾಲ್ಕು ಗೊಂಬೆಯ ದಳದಲ್ಲಿ ಮೂರು ಸತ್ತು ಒಂದೇ ಉಳಿದ್ರೂ ಅದು ಅಷ್ಟೇ ದಾಳ ಹಾಕುತ್ತೆ, ಏಟು ತಿಂದ ಸುಸ್ತು ಕಾಯಿಗೆ ತಟ್ಟೋದೇ ಇಲ್ಲ. ಆಟ ಬೇಗ ಓಡ್ಬೇಕು ಅಂತ ಹಾಗೆ ಮಾಡಿದಾರೆ, ಅರ್ಥ ಆಗುತ್ತೆ, ಆದ್ರೂ ಮನಸ್ಸು ಒಪ್ಪಲ್ಲ.

ಕಾಯಿ ಹೇಳೋದನ್ನ ನೋಡಿದ್ವಿ, ಕಾಯಿ ಮುಚ್ಚಿಡೋದನ್ನೂ ನೋಡ್ಬೇಕು. 1972ರಲ್ಲಿ ಕೆನಡಾದಲ್ಲಿ ಕ್ವಿಬೆಕ್ 1759 ಅಂತ ಒಂದು ಆಟ ಬಂತು, ಅದರಲ್ಲಿ ರಟ್ಟಿನ ಬದಲು ಮರದ ಚೌಕ ತುಂಡು, ಮಲಗಿಸೋದಲ್ಲ, ನಿಲ್ಲಿಸೋದು. ಅಕ್ಷರ ಗುರುತೆಲ್ಲ ನನ್ನ ಕಡೆಗಿರೋ ಮುಖದಲ್ಲಿ, ನಿಮಗೆ ಕಾಣೋದು ಬರೀ ಬಣ್ಣದ ಮರ. ನಾಲ್ಕು ಅಂಚಿಗೂ ನಾಲ್ಕು ಅಂಕಿ, ಮೇಲಿನ ಅಂಚಲ್ಲಿ ಯಾವುದಿದ್ಯೋ ಅದು ಈಗಿನ ಬಲ. ಏಟು ಬಿದ್ರೆ ಕಾಲು ಸುತ್ತು ತಿರುಗಿಸಿ ಮತ್ತೆ ನಿಲ್ಲಿಸ್ತೀನಿ. ನಾನು ತಿರುಗಿಸಿದ್ದು ನಿಮಗೆ ಕಾಣುತ್ತೆ, ಎಷ್ಟಕ್ಕೆ ಇಳಿದೆ ಅನ್ನೋದು ಕಾಣಲ್ಲ. ಪ್ರಷ್ಯಾದಲ್ಲಿ ಒಬ್ಬ ಅಂಪೈರ್ ಮಾಡ್ತಿದ್ದ ಕೆಲಸನ ಇಲ್ಲಿ ಒಂದು ಮರದ ತುಂಡು ಸುಮ್ನೆ ನಿಂತ್ಕೊಂಡು ಮಾಡುತ್ತೆ, ನಂಗೆ ಇದಕ್ಕಿಂತ ಸುಂದರವಾದ ಕಾಯಿ ಇನ್ನೊಂದು ಗೊತ್ತಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದು 1976ರ ಪಾಂಜರ್‌ಗ್ರುಪ್ಪೆ ಗುಡೇರಿಯನ್, 1941ರಲ್ಲಿ ಜರ್ಮನ್ನರಿಗೂ ಸೋವಿಯತ್ ಸೈನ್ಯಕ್ಕೂ ನಡೆದ ಸ್ಮೊಲೆನ್ಸ್ಕ್ ಯುದ್ಧದ ಆಟ, ಜಿಮ್ ಡನಿಗನ್ ಮಾಡಿದ್ದು. ಅದರಲ್ಲಿ ಸೋವಿಯತ್ ಕಾಯಿಗಳನ್ನ ಬಲ ಕಾಣದ ಹಾಗೆ ಮಗುಚಿ ಇಡ್ತಾರೆ, ಮೊದಲನೇ ಕಾದಾಟದ ತನಕ ಅವುಗಳ ಬಲ ಎಷ್ಟು ಅಂತ ಎದುರಾಳಿಗಷ್ಟೇ ಅಲ್ಲ, ಆಡಿಸೋನಿಗೇ ಗೊತ್ತಿರಲ್ಲ. ಅವಸರದಲ್ಲಿ ಒಟ್ಟು ಮಾಡಿ ಕಳಿಸಿದ ಡಿವಿಷನ್ನು ನಿಲ್ಲುತ್ತಾ ಓಡುತ್ತಾ ಅಂತ ಜನರಲ್‌ಗೂ ಗೊತ್ತಿರ್ಲಿಲ್ಲ, ಅದನ್ನ ಕಾಯಿಯಲ್ಲೇ ತಂದಿಟ್ರು. ಇಲ್ಲಿ ಕಾಯಿನೇ ದಾಳ ಆಯ್ತು ನೋಡಿ.

ಹಾಗೇ ಡಬ್ಬಿಯಿಂದ ಚಿಟ್ ಎತ್ತೋ ಆಟಗಳು, ಯಾರ ಸರದಿ ಅಂತ ಡಬ್ಬಿಗೆ ಕೈ ಹಾಕಿ ಒಂದು ಬಿಲ್ಲೆ ತೆಗೆಯೋದು. ಚಿಟ್ ಅನ್ನೋ ಇಂಗ್ಲಿಷ್ ಪದ ಇಲ್ಲಿಂದಲೇ, ನಮ್ಮ ಚೀಟಿ, ಹಿಂದಿಯ ಚಿಟ್ಠಿಯಿಂದ ಹೋಗಿದ್ದು, ಚೀಟಿ ಎತ್ತೋದು ನಮಗೆ ಹೇಳ್ಕೊಡ್ಬೇಕಾಗಿಲ್ಲ. ಆದ್ರೆ ಚೀಟಿಗೂ ದಾಳಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ದಾಳಕ್ಕೆ ನೆನಪಿಲ್ಲ, ಐದು ಸಲ 1 ಬಿದ್ದಿದ್ರೂ ಆರನೇ ಸಲ 1 ಬೀಳೋ ಸಾಧ್ಯತೆ ಆರರಲ್ಲೊಂದೇ. ಡಬ್ಬಿಗೆ ನೆನಪಿದೆ, ಎತ್ತಿದ ಚೀಟಿ ವಾಪಸ್ ಹಾಕೋ ತನಕ ಅದು ಇನ್ನೊಂದ್ಸಲ ಬರಲ್ಲ, ಹಾಗಾಗಿ ಎಲ್ಲರಿಗೂ ಸರದಿ ಬಂದೇ ಬರುತ್ತೆ, ಯಾವಾಗ ಅನ್ನೋದಷ್ಟೇ ಗೊತ್ತಿಲ್ಲ.

ಈಗ ಒಂದು ನಿಜವಾಗ್ಲೂ ನಡೆದ ಆಟದ ಕಥೆ. 1942ರ ಮೇ ತಿಂಗಳ ಮೊದಲ ವಾರ, ಜಪಾನಿನ ಯಮಾಟೊ ಯುದ್ಧನೌಕೆ ಮೇಲೆ ನೌಕಾಪಡೆಯ ಅಧಿಕಾರಿಗಳು ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಕೈಲಿದ್ದ ಮಿಡ್‌ವೇ ದ್ವೀಪದ ಮೇಲೆ ಮಾಡ್ಬೇಕು ಅಂತಿದ್ದ ದಾಳಿನ ಟೇಬಲ್ ಮೇಲೆ ಆಡಿ ನೋಡಿದ್ರು. ಆಟದಲ್ಲಿ ದ್ವೀಪದಿಂದ ಹಾರಿದ ಅಮೆರಿಕದ ಬಾಂಬರ್‌ಗಳು ಜಪಾನಿನ ವಿಮಾನವಾಹಕ ಹಡಗುಗಳ ಮೇಲೆ ಬಿದ್ವು. ಅಂಪೈರ್ ಆಗಿದ್ದ ಒಕುಮಿಯಾ ದಾಳ ಹಾಕಿದ್ರು, ಒಂಬತ್ತು ಏಟು, ಅಕಾಗಿ ಕಾಗಾ ಎರಡೂ ಮುಳುಗಿದವು ಅಂತ ತೀರ್ಪು ಕೊಟ್ರು. ಮೇಲೆ ಕೂತಿದ್ದ ಅಡ್ಮಿರಲ್ ಉಗಾಕಿ ಒಪ್ಪಲಿಲ್ಲ, ಏಟು ಮೂರು ಅಂತ ಬರ್ಕೊಳ್ಳಿ ಅಂದ್ರು, ಕಾಗಾ ಮುಳುಗಿತು, ಅಕಾಗಿಗೆ ಸಣ್ಣ ಪೆಟ್ಟು ಅಂತಾಯ್ತು. ಆಟದ ಮುಂದಿನ ಭಾಗಕ್ಕೆ ಬರೋವಾಗ ಮುಳುಗಿದ ಕಾಗಾನೂ ಎದ್ದು ಬಂದಿತ್ತು. ಇದನ್ನೆಲ್ಲ ಒಕುಮಿಯಾ ಅವರೇ ಯುದ್ಧ ಮುಗಿದ ಮೇಲೆ ಇನ್ನೊಬ್ಬ ಅಧಿಕಾರಿ ಜೊತೆ ಸೇರಿ ಬರೆದ ಪುಸ್ತಕದಲ್ಲಿ ಹೇಳಿದಾರೆ. ಜೂನ್ 4ಕ್ಕೆ ಶುರುವಾದ ನಿಜವಾದ ಕದನದಲ್ಲಿ ಅಕಾಗಿ, ಕಾಗಾ, ಸೊರ್ಯು, ಹಿರ್ಯು ನಾಲ್ಕೂ ಹೋದವು.

ಈ ಕಥೆ ಹೇಳಿದಾಗ ಎಲ್ಲರೂ ದಾಳ ಭವಿಷ್ಯ ಹೇಳಿತ್ತು ಅಂತಾರೆ. ಅದು ಸರಿಯಲ್ಲ, ದಯವಿಟ್ಟು ಹಾಗೆ ಹೇಳ್ಬೇಡಿ. ನಿಜವಾದ ಕದನದಲ್ಲಿ ದ್ವೀಪದಿಂದ ಬಂದ ವಿಮಾನಗಳು ಆ ಹಡಗುಗಳಿಗೆ ಒಂದೂ ಬಾಂಬ್ ತಾಗಿಸಲಿಲ್ಲ, ಮುಳುಗಿಸಿದ್ದು ಅಮೆರಿಕದ ಹಡಗುಗಳಿಂದ ಹಾರಿದ ಡೈವ್ ಬಾಂಬರ್‌ಗಳು. ಅಷ್ಟು ಏಟು ಬೀಳಲ್ಲ ಅಂದ ಉಗಾಕಿ ಲೆಕ್ಕ ಆ ಬಾಂಬರ್‌ಗಳ ಮಟ್ಟಿಗೆ ಸರಿನೇ ಇತ್ತು. ತಪ್ಪಿದ್ದು ಬೇರೆ ಕಡೆ, ನಮ್ಮ ವಿಮಾನಗಳು ದ್ವೀಪದ ಮೇಲೆ ಹೋಗಿರೋವಾಗ ಯಾರಾದ್ರೂ ಬಂದ್ರೆ ಏನ್ ಮಾಡ್ತೀವಿ ಅಂತ ದಾಳ ಒಂದು ಪ್ರಶ್ನೆ ಕೇಳಿತ್ತು, ಅವರು ಅಂಕಿ ತಿದ್ದಿದ್ರು, ಪ್ರಶ್ನೆ ಅಲ್ಲೇ ಉಳೀತು. ಕಾಯಿ ನಡೆಸಿ ಆಗಿದೆ, ದಾಳ ಬಿದ್ದಿದೆ, ಆಮೇಲೆ ಮುಖ ತಿರುಗಿಸಿದ್ರೆ ಆಟ ಆಡಿದ್ದಕ್ಕೆ ಅರ್ಥನೇ ಇಲ್ಲ.

ಅದಕ್ಕೇ ದಾಳ ಹಾಕೋ ಶಿಸ್ತಿನ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಪುಸ್ತಕಕ್ಕೆ ಒರಗಿ ಓರೆ ನಿಂತ ದಾಳ ಲೆಕ್ಕಕ್ಕಿಲ್ಲ, ಟೇಬಲ್ ಕೆಳಗೆ ಬಿದ್ದದ್ದೂ ಇಲ್ಲ, ಇದನ್ನ ಆಟ ಶುರು ಮಾಡೋಕೆ ಮುಂಚೆನೇ ಮಾತಾಡ್ಕೋಬೇಕು, ಬಿದ್ದ ಮೇಲಲ್ಲ. ಜರ್ಮನಿಯಲ್ಲಿ ರೋಮನ್ನರ ಕಾಲದ, ನಾಲ್ಕನೇ ಶತಮಾನದ ಒಂದು ತಾಮ್ರದ ಗೋಪುರ ಸಿಕ್ಕಿದೆ, ಮೇಲಿಂದ ದಾಳ ಹಾಕಿದ್ರೆ ಒಳಗೆ ಮೆಟ್ಟಿಲು ಮೆಟ್ಟಿಲು ಬಡ್ಕೊಂಡು ಕೆಳಗೆ ಬರುತ್ತೆ, ಕೈಚಳಕಕ್ಕೆ ಜಾಗ ಇಲ್ಲ. ಅದರ ಮೇಲೆ ಲ್ಯಾಟಿನ್‌ನಲ್ಲಿ, ಪಿಕ್ಟ್ ಜನ (ಈಗಿನ ಸ್ಕಾಟ್ಲೆಂಡಿನ ಹಳೇ ಬುಡಕಟ್ಟಿನೋರು) ಸೋತರು, ಶತ್ರು ನಾಶ ಆಯ್ತು, ನಿಶ್ಚಿಂತೆಯಿಂದ ಆಡಿ ಅಂತ ಕೆತ್ತಿದೆ.

ಕೊನೇಲಿ ಹಿಂದಿನ ಸಾಲಿಂದ ಒಬ್ಬರು ಕೇಳಿದ್ರು, ಈ ಆಟಗಳು ಇಲ್ಲಿ ಸಿಗೋದು ಕಷ್ಟ, ಸಿಕ್ರೂ ದುಬಾರಿ, ಮನೇಲಿ ಮಕ್ಕಳಿಗೆ ಈ ವ್ಯತ್ಯಾಸ ತೋರಿಸೋದು ಹೇಗೆ ಅಂತ. ತುಂಬ ಒಳ್ಳೇ ಪ್ರಶ್ನೆ, ಅದಕ್ಕೇ ಕವಡೆ ತಂದಿದ್ದು. ಇದೇ ಚೌಕಾಬಾರ ಆಡಿ, ಒಂದೇ ಒಂದು ನಿಯಮ ಬದಲಾಯಿಸಿ, ಕವಡೆ ಬಿಡೋಕೆ ಮುಂಚೆ ಯಾವ ಕಾಯಿ ನಡೆಸ್ತೀನಿ ಅಂತ ಬಾಯಿಬಿಟ್ಟು ಹೇಳ್ಬೇಕು, ಹೇಳಿ ಆ ಕಾಯಿ ಮೇಲೆ ಬೆರಳಿಡ್ಬೇಕು, ಏನೇ ಗರ ಬಿದ್ರೂ ಅದನ್ನೇ ನಡೆಸ್ಬೇಕು.

ಮಾಡಿ ತೋರಿಸ್ತೀನಿ. ನನ್ನ ಒಂದು ಕಾಯಿ ಎದುರು ಅವರ ಕಾಯಿ ಎರಡು ಮನೆ ದೂರದಲ್ಲಿದೆ, ನನ್ನ ಇನ್ನೊಂದು ಕಾಯಿ ಎದುರು ಇನ್ನೊಂದು ಮೂರು ಮನೆ ದೂರದಲ್ಲಿದೆ. ಮಾಮೂಲಿ ಆಟದಲ್ಲಿ ಎರಡು ಬಿದ್ರೆ ಇದು, ಮೂರು ಬಿದ್ರೆ ಅದು, ಯೋಚ್ನೆ ಇಲ್ಲ. ಈಗ ಮುಂಚೆನೇ ಹೇಳ್ಬೇಕು. ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತೆ ಅಂದ್ಕೊಂಡ್ರೆ ನಾಲ್ಕು ಕವಡೆ 16 ಥರ ಬೀಳಬಹುದು, ಎರಡು ಬಾಯಿ ಮೇಲಾಗೋದು 6 ಥರ, ಮೂರು ಮೇಲಾಗೋದು 4 ಥರ, ನಾಲ್ಕೂ ಮೇಲಾಗೋ ಚೌಕ, ಅಂದ್ರೆ ನಾಲ್ಕು, ಒಂದು ಥರ, ನಾಲ್ಕೂ ಮಗುಚಿ ಬೀಳೋ ಬಾರ, ಅಂದ್ರೆ ಎಂಟು, ಒಂದು ಥರ. ಹಾಗಾದ್ರೆ ಎರಡು ಮನೆ ದೂರದ್ದನ್ನ ಹೇಳೋದೇ ಸರಿ. ಆದ್ರೆ ಆ ಮೂರು ಮನೆ ದೂರದಲ್ಲಿರೋದು ಹಣ್ಣಾಗೋಕೆ ಹತ್ರ ಇರೋ ಕಾಯಿ ಆಗಿದ್ರೆ? ಅದರ ಜೊತೆಗೆ ಇನ್ನೊಂದು, ನಾಲ್ಕು ಕವಡೆಲಿ ಐದು ಆರು ಏಳು ಅನ್ನೋ ಗರನೇ ಇಲ್ಲ, ಹಾಗಾಗಿ ಅಷ್ಟು ದೂರದಲ್ಲಿ ನಿಂತ ನನ್ನ ಕಾಯಿನ ಅವರು ಹೊಡೀಬೇಕಂದ್ರೆ ಚೌಕ ಹಾಕಿ ಇನ್ನೊಂದ್ಸಲ ಕವಡೆ ಬಿಡ್ಬೇಕು. ಹಾಗಾದ್ರೆ ನನ್ನ ಕಾಯಿ ಎಲ್ಲಿ ನಿಲ್ಲಿಸ್ಲಿ?

ಕೇಳಿದೋರ ಮಗಳು, ಎಂಟೊಂಬತ್ತು ವರ್ಷ ಇರಬೇಕು, ಟೇಬಲ್ ಹತ್ರ ಬಂದು ಸುಮಾರು ಹೊತ್ತು ನೋಡಿ ಮೂರು ಮನೆ ದೂರದ ಕಾಯಿ ಮೇಲೆ ಬೆರಳಿಟ್ಲು. ಕವಡೆ ಕೈಗೆ ಕೊಟ್ಟೆ.